ಹಳೆಯ ರಥಕ್ಕೆ ಐದನೆಯ ಗೇರು

ಆರೂವರೆ ಲೀಟರಿನ ಎಂಜಿನ್ನು, ಗೇರು ಮಾತ್ರ ನಾಲ್ಕೇ. ಬೀದಿಯಲ್ಲಿ ಸಿಂಹ, ಹೆದ್ದಾರಿಯಲ್ಲಿ ಕಿವಿಗೆ ಶೂಲ. ಡೆಟ್ರಾಯಿಟಿನ ಹೊರವಲಯದ ಒಂದು ಗ್ಯಾರೇಜಿನಲ್ಲಿ, 1969ರ ಷೆವೆಲ್ ಕಾರಿನ ಒಡಲಿಗೆ ಓವರ್‌ಡ್ರೈವ್ ಗೇರ್ ಬಾಕ್ಸ್ ಸೇರಿದ ಕಥೆ.

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಬಂತೆಂದರೆ, ಡೆಟ್ರಾಯಿಟ್ ನದಿಯ ದಂಡೆಯ ಬಳಿಯಿಂದ ಹೊರಟು ವಾಯವ್ಯಾಭಿಮುಖವಾಗಿ ಪಾಂಟಿಯಾಕ್ ಪಟ್ಟಣದವರೆಗೆ ಸಾಗುವ ವುಡ್‌ವರ್ಡ್ ಅವೆನ್ಯೂ ಎಂಬ ಮಾರ್ಗವು ಬೆಳಗಿನಿಂದಲೇ ತೇರಿನ ಬೀದಿಯ ಸಂಭ್ರಮವನ್ನು ತಾಳುತ್ತದೆ. ಇಕ್ಕೆಲಗಳ ಹುಲ್ಲಿನ ಮೇಲೆ ಮಡಚುಕುರ್ಚಿಗಳನ್ನು ಹಾಕಿಕೊಂಡು ಅಜ್ಜ, ಮಗ, ಮೊಮ್ಮಗರು ಒಟ್ಟಿಗೆ ಕುಳಿತಿರುತ್ತಾರೆ. ಅವರ ಕಣ್ಣೆದುರಿನಲ್ಲಿ, ನಡಿಗೆಗಿಂತ ತುಸುವೇ ಮಿಗಿಲಾದ ವೇಗದಲ್ಲಿ, ಐವತ್ತು ಅರುವತ್ತು ವರ್ಷ ಪ್ರಾಯದ ಕಾರುಗಳು ಒಂದರ ಹಿಂದೊಂದು ಸಾಲುಗೊಂಡು ಸಾಗುತ್ತವೆ.

ಆ ಸಾಲಿನ ಒಂದು ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ನಾನಿದ್ದೆ. ಆ ಊರಿನಲ್ಲಿ ಎಂಜಿನಿಯರನಾಗಿರುವ ನನ್ನ ಸೋದರಳಿಯನ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗಿದ್ದಾಗ, ಪಕ್ಕದ ಮನೆಯ ಹಿರಿಯರು, ಜೀವಮಾನವಿಡೀ ಕಾರ್ಖಾನೆಗಳಿಗೆ ಅಚ್ಚು ಮತ್ತು ಡೈ ಮಾಡಿಕೊಟ್ಟು ನಿವೃತ್ತರಾದ, ಎಪ್ಪತ್ತು ದಾಟಿದ ಸಜ್ಜನರು, ತಮ್ಮ ಷೆವರ್ಲೆ ಷೆವೆಲ್ ಎಸ್‌ಎಸ್ 396ರಲ್ಲಿ ನಮ್ಮಿಬ್ಬರನ್ನೂ ಕರೆದೊಯ್ದಿದ್ದರು. ಕಾರು ಅವರ ತಂದೆ ಕೊಂಡದ್ದು. ನಿಂತಲ್ಲಿ ಅದರ ಎಂಜಿನ್ನು ಮಾಡುತ್ತಿದ್ದ ಸದ್ದು, ಮುಂಗಾರಿನ ಮೊದಲ ಗುಡುಗು ಬೆಟ್ಟದ ಆಚೆ ಉರುಳುವಂತೆ, ಕಿವಿಗಿಂತ ಮೊದಲು ಎದೆಗೂಡಿಗೆ ತಾಕುತ್ತಿತ್ತು.

ಮರಳುವಾಗ ಅವರು ಐ-75 ಹೆದ್ದಾರಿಯನ್ನು ಹಿಡಿದರು. ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್ ವೇಗ. ಆ ರಸ್ತೆಯಲ್ಲಿ ಅದು ಯಾರೂ ಗಮನಿಸದ ಸಾಧಾರಣ ವೇಗ. ಆದರೆ ನಾಲ್ಕನೆಯ ಗೇರಿಗೆ, ಅಂದರೆ ಆ ಕಾರಿಗಿದ್ದ ಕಟ್ಟಕಡೆಯ ಗೇರಿಗೆ, ಬಿದ್ದ ಮೇಲೂ ಎಂಜಿನ್ನು ನಿಮಿಷಕ್ಕೆ ಮೂರು ಸಾವಿರದ ಮುನ್ನೂರು ಸುತ್ತು ಸುತ್ತುತ್ತಿದ್ದುದರಿಂದ, ಬೀದಿಯಲ್ಲಿ ಸಂಗೀತವಾಗಿದ್ದದ್ದು ಇಲ್ಲಿ ಎಡೆಬಿಡದ ಆರ್ಭಟವಾಗಿ ಪರಿಣಮಿಸಿತು. ಹಿರಿಯರು ಹಿಂದಕ್ಕೆ ತಿರುಗಿ ನನ್ನೊಡನೆ ಏನನ್ನೋ ಹೇಳತೊಡಗಿದರು. ತುಟಿಗಳು ಚಲಿಸಿದವು, ಮಾತು ಮಾತ್ರ ನನ್ನನ್ನು ಮುಟ್ಟಲಿಲ್ಲ. "ಏನೂ ಕೇಳ್ತಿಲ್ಲ ಅಲ್ವಾ ಮಾವ?" ಎಂದು ಅಳಿಯ ನನ್ನ ಕಿವಿಯ ಬಳಿ ಬಾಯಿಟ್ಟು ಕೂಗಿದ. "ಮುಂದಿನ ತಿಂಗಳು ಇದರ ಗೇರ್ ಬಾಕ್ಸ್ ಬದಲಾಯಿಸ್ತೀವಿ. ನೀವೂ ಇರ್ತೀರಲ್ಲ, ನೋಡಿ."

ವುಡ್‌ವರ್ಡ್ ಬೀದಿ
*ಅಮೆರಿಕದ ಮೊಟ್ಟಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿಯನ್ನು 1909ರಲ್ಲಿ ಹಾಸಿದ್ದು ಇದೇ ವುಡ್‌ವರ್ಡಿನಲ್ಲಿ, ಸಿಕ್ಸ್ ಮೈಲ್ ಮತ್ತು ಸೆವೆನ್ ಮೈಲ್ ರಸ್ತೆಗಳ ನಡುವೆ. ಈಗ ನಡೆಯುವ ಡ್ರೀಮ್ ಕ್ರೂಸ್ ಎಂಬ ಕಾರುಗಳ ಜಾತ್ರೆ 1995ರಲ್ಲಿ, ಫರ್ನ್‌ಡೇಲ್ ಊರಿನ ಮಕ್ಕಳಿಗೆ ಒಂದು ಫುಟ್‌ಬಾಲ್ ಮೈದಾನ ಮಾಡಿಕೊಡಲು ಹಣ ಕೂಡಿಸುವ ಸಲುವಾಗಿ ಪ್ರಾರಂಭವಾಯಿತು.*

ಹಿರಿಯರ ಕಾರಿನ ಎಂಜಿನ್ನು 396 ಘನ ಅಂಗುಲದ್ದು, ಸುಮಾರು ಆರೂವರೆ ಲೀಟರು. ನಮ್ಮ ಮಾರುತಿ 800ರ ಎಂಟು ಎಂಜಿನ್ನುಗಳನ್ನು ಒಟ್ಟುಗೂಡಿಸಿದಷ್ಟು. ಎಂಟು ಸಿಲಿಂಡರು, 325 ಅಶ್ವಶಕ್ತಿ, 410 ಪೌಂಡ್-ಅಡಿ ಟಾರ್ಕ್. ಇದನ್ನೂ ಇದರ ಒಡಹುಟ್ಟುಗಳನ್ನೂ ‘ಬಿಗ್ ಬ್ಲಾಕ್’ ಎಂದು ಕರೆಯುವುದುಂಟು. ಸಣ್ಣ ಎಂಜಿನ್ನು ವೇಗವಾಗಿ ಸುತ್ತಿ ಬಲವನ್ನು ಗಳಿಸಿಕೊಳ್ಳಬೇಕಾಗುತ್ತದೆ. ದೊಡ್ಡ ಬ್ಲಾಕಿಗೆ ಆ ಅಗತ್ಯವಿಲ್ಲ. ಎತ್ತರದ ಆನೆ ಹೆಜ್ಜೆ ನಿಧಾನವಾಗಿಟ್ಟರೂ ದಾರಿ ಸವೆಯುವಂತೆ, ಅದು ಮೆಲ್ಲಗೆ ಸುತ್ತುತ್ತಿರುವಾಗಲೂ ಯಥೇಷ್ಟವಾದ ಎಳೆತವನ್ನು ಕೊಡಬಲ್ಲದು. ಅಂಥದನ್ನು ಹೆದ್ದಾರಿಯಲ್ಲಿ ತಾಸುಗಟ್ಟಲೆ ಓಡೋಡಿ ಏದುಸಿರುಬಿಡುವಂತೆ ಮಾಡತಕ್ಕ ದೋಷವು ಎಂಜಿನ್ನಿನದಲ್ಲ, ಅದರ ಬೆನ್ನಿಗಿದ್ದ ಗೇರಿನ ಪೆಟ್ಟಿಗೆಯದು.

ಆ ಪೆಟ್ಟಿಗೆ ಇಂಡಿಯಾನಾ ಪ್ರಾಂತದ ಮನ್ಸಿ ಎಂಬ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ್ದು. ಊರಿನ ಹೆಸರೇ ಅದಕ್ಕೂ ನಿಂತಿದೆ. 1963ರಿಂದ 1974ರವರೆಗೆ ತಯಾರಾದ ಮನ್ಸಿ ನಾಲ್ಕು ಗೇರಿನ ಪೆಟ್ಟಿಗೆಯನ್ನು ಹಳಿಯುವವರು ಇಂದಿಗೂ ವಿರಳ. ಅದರ ಮೊದಲನೆಯ ಗೇರು ಎಂಜಿನ್ನಿನ 2.52 ಸುತ್ತಿಗೆ ಹಿಂದಿನ ಶಾಫ್ಟನ್ನು ಒಂದು ಸುತ್ತು ತಿರುಗಿಸುತ್ತದೆ. ಕಡೆಯ ಗೇರಿನಲ್ಲಿ ಲೆಕ್ಕ ಒಂದಕ್ಕೆ ಒಂದು. ಅಷ್ಟಕ್ಕೇ ಅದರ ಸಾಮರ್ಥ್ಯ ಮುಗಿಯಿತು. ಅದರ ಹಿಂದೆ, ಸಿಗ್ನಲಿನಿಂದ ಸಿಗ್ನಲಿಗೆ ಹಾರುವ ಆ ಕಾಲದ ಉತ್ಸಾಹಕ್ಕೆ ಒಪ್ಪುವಂತೆ, ಹಿರಿಯರ ತಂದೆ 3.73 ಪ್ರಮಾಣದ ಕ್ರೌನ್ ಪಿನಿಯನ್ ಕೂರಿಸಿದ್ದರು. ಚಕ್ರ ಒಮ್ಮೆ ಉರುಳಬೇಕಾದರೆ ಎಂಜಿನ್ನು ಹತ್ತಿರ ಹತ್ತಿರ ನಾಲ್ಕು ಬಾರಿ ಸುತ್ತಲೇಬೇಕು.

ಇದಕ್ಕೆ ಪರಿಹಾರ ಓವರ್‌ಡ್ರೈವ್. ಆ ಮಾತಿನ ಅರ್ಥವನ್ನು ಚರಕದಲ್ಲಿ ನೂತವರಿಗೆ, ಅಥವಾ ನೂಲುವವರನ್ನು ಕಂಡವರಿಗೆ, ವಿವರಿಸಬೇಕಾದುದೇ ಇಲ್ಲ. ದೊಡ್ಡ ರಾಟೆಯು ಒಂದು ಸುತ್ತು ಬರುವಷ್ಟರಲ್ಲಿ ಕದಿರು ಹಲವು ಸುತ್ತು ತಿರುಗಿಬಿಟ್ಟಿರುತ್ತದೆ. ಗೇರ್ ಬಾಕ್ಸಿನ ಕೆಳಗಿನ ಶಾಫ್ಟಿನಲ್ಲಿರುವ ದೊಡ್ಡ ಹಲ್ಲುಗಾಲಿಯು ಮೇಲಿನ ಶಾಫ್ಟಿನ ಚಿಕ್ಕ ಹಲ್ಲುಗಾಲಿಯನ್ನು ತಿರುಗಿಸಿದಾಗ ಆಗುವುದೂ ಅದೇ: ಎಂಜಿನ್ನು 68 ಸುತ್ತು ಸುತ್ತಿದರೆ ಹಿಂದಿನ ಶಾಫ್ಟು 100 ಸುತ್ತು ಸುತ್ತುತ್ತದೆ. ಬಲದಲ್ಲಿ ಅಷ್ಟು ಪಾಲು ನಷ್ಟವಾಗುವುದು ನಿಜ; ಆದರೆ ಸಮತಟ್ಟಾದ ರಸ್ತೆಯಲ್ಲಿ ಆಗಲೇ ಓಡುತ್ತಿರುವ ಕಾರಿಗೆ ಬೇಕಾಗುವ ಬಲ ಎಷ್ಟು ಮಹಾ! ದೊಡ್ಡ ಬ್ಲಾಕಿನ ಬೊಕ್ಕಸದಿಂದ ಅಷ್ಟನ್ನು ತೆಗೆದರೆ ತೆಗೆದ ಸುಳಿವೇ ತಿಳಿಯದು.

ನಾಲ್ಕರ ಲೆಕ್ಕ, ಐದರ ಲೆಕ್ಕ
*ಹಿಂದಿನ ಆಕ್ಸಲ್ ಪ್ರಮಾಣ 3.73, ಟೈರಿನ ವ್ಯಾಸ 26.5 ಅಂಗುಲ, ವೇಗ ಗಂಟೆಗೆ 70 ಮೈಲಿ.*
*ನಾಲ್ಕನೆಯ ಗೇರಿನಲ್ಲಿ (1.00): ನಿಮಿಷಕ್ಕೆ ಸುಮಾರು 3,310 ಸುತ್ತು.*
*ಐದನೆಯ ಗೇರಿನಲ್ಲಿ (0.68): ನಿಮಿಷಕ್ಕೆ ಸುಮಾರು 2,250 ಸುತ್ತು.*
*ಡೆಟ್ರಾಯಿಟಿನಿಂದ ಉತ್ತರಕ್ಕೆ, ಮ್ಯಾಕಿನಾ ಸೇತುವೆಯ ಬಳಿಯ ಮ್ಯಾಕಿನಾ ಸಿಟಿಗೆ ಸುಮಾರು 465 ಕಿಲೋಮೀಟರ್. ಅಷ್ಟು ದೂರಕ್ಕೆ ಎಂಜಿನ್ನಿಗೆ ಉಳಿಯುವ ಸುತ್ತು ಎರಡೂವರೆ ಲಕ್ಷಕ್ಕೂ ಹೆಚ್ಚು.*

ಇಷ್ಟು ಸರಳವಾದ ಉಪಾಯ ಆ ಕಾಲದವರಿಗೆ ಹೊಳೆಯಲಿಲ್ಲವೆ ಎಂಬ ಪ್ರಶ್ನೆ ಸಹಜ. ಹೊಳೆದಿತ್ತು. 1934ರ ಕ್ರೈಸ್ಲರ್ ಏರ್‌ಫ್ಲೋ ಕಾರಿನಲ್ಲಿಯೇ ಓವರ್‌ಡ್ರೈವ್ ಇತ್ತು. ಆದರೆ ಅರುವತ್ತರ ದಶಕದ ಅಮೆರಿಕದಲ್ಲಿ ಪೆಟ್ರೋಲು ಅಗ್ಗವಾಗಿತ್ತು. ಕಾರಿನ ಪರಾಕ್ರಮವನ್ನು ಅಳೆಯುತ್ತಿದ್ದ ಗಜಕಡ್ಡಿಯು ಕಾಲು ಮೈಲಿಯ ಓಟ, ಅಂದರೆ ಬರಿಯ 402 ಮೀಟರು. ಅಷ್ಟು ದಾರಿಗೆ ನಾಲ್ಕು ಗೇರು ಧಾರಾಳವಾಗಿ ಸಾಕು. ಐದನೆಯದನ್ನು ಕೇಳುವವರೇ ಇರಲಿಲ್ಲ.

ಅನಂತರ 1973ರ ಅಕ್ಟೋಬರಿನಲ್ಲಿ ತೈಲ ನಿರ್ಬಂಧ ಬಂತು. ಪಂಪುಗಳ ಮುಂದೆ ಸಾಲುಗಳು ಬೆಳೆದವು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಅವರು ಇಡಿಯ ದೇಶಕ್ಕೆ ಗಂಟೆಗೆ 55 ಮೈಲಿಯ ವೇಗಮಿತಿಯನ್ನು ವಿಧಿಸುವ ಕಾನೂನಿಗೆ ಸಹಿ ಹಾಕಿದರು. ದೊಡ್ಡ ಬ್ಲಾಕಿನ ಕಾರುಗಳು ಒಂದೊಂದಾಗಿ ಕೊಟ್ಟಿಗೆ ಸೇರಿದವು. ನಮ್ಮ ಹಿರಿಯರ ತಂದೆಯ ಕಾರೂ ಟಾರ್ಪಾಲಿನ ಕೆಳಗೆ ಇಪ್ಪತ್ತು ವರ್ಷ ಮಲಗಿತು. ಆ ರಾಷ್ಟ್ರೀಯ ವೇಗಮಿತಿ ರದ್ದಾದದ್ದು 1995ರಲ್ಲಿ. ವುಡ್‌ವರ್ಡಿನ ಜಾತ್ರೆ ಆರಂಭವಾದ ವರ್ಷವೂ ಅದೇ. ಹಳೆಯ ಕಾರುಗಳು ಕೊಟ್ಟಿಗೆಯಿಂದ ಹೊರಬಂದು ಕಣ್ಣುಜ್ಜಿಕೊಂಡು ನೋಡಿದಾಗ, ಹೆದ್ದಾರಿಯು ಅವು ಹುಟ್ಟಿದ ಕಾಲದ ಹೆದ್ದಾರಿಯಾಗಿ ಉಳಿದಿರಲಿಲ್ಲ. ಪಕ್ಕದಲ್ಲಿ ಸಾಗುವ ಸಣ್ಣ ಕಾರುಗಳೂ ಓವರ್‌ಡ್ರೈವ್ ಗೇರುಗಳಲ್ಲಿ ನಿಶ್ಶಬ್ದವಾಗಿ ಹಿಂದಿಕ್ಕಿ ಹೋಗುತ್ತಿದ್ದವು.

ಎಂಬತ್ತರ ದಶಕದಲ್ಲಿಯೇ ಐದು ಗೇರಿನ ಪೆಟ್ಟಿಗೆಗಳು ಬಂದಿದ್ದವಾದರೂ ಅವು ಹಗುರ ಎಂಜಿನ್ನುಗಳಿಗೆ ಮಾಡಿದವು. ದೊಡ್ಡ ಬ್ಲಾಕು ಒಮ್ಮೆ ಹೂಂಕರಿಸಿದರೆ ಹಲ್ಲುದುರಿಸಿಕೊಳ್ಳತಕ್ಕಂಥವು. ಈ ಕೊರತೆಯನ್ನು ತುಂಬಿದ್ದು ಡೆಟ್ರಾಯಿಟಲ್ಲ, ಮೆಕ್ಸಿಕೋ ದೇಶದ ಕೆರೆಟಾರೊ ಎಂಬ ನಗರದಲ್ಲಿ 1964ರಲ್ಲಿ ಸ್ಥಾಪಿತವಾದ ಟ್ರೆಮೆಕ್ ಸಂಸ್ಥೆ. ಅದರ ಟಿಕೆಎಕ್ಸ್ ಎಂಬ ಐದು ಗೇರಿನ ಪೆಟ್ಟಿಗೆಯು 600 ಪೌಂಡ್-ಅಡಿ ಟಾರ್ಕನ್ನು ಸಹಿಸಬಲ್ಲುದು. ಮೊದಲ ಗೇರು 2.87, ಮುಂದೆ 1.89, 1.28, 1.00; ಐದನೆಯದು 0.68. ನಾಲ್ಕರಿಂದ ಐದಕ್ಕೆ ಇಷ್ಟು ದೊಡ್ಡ ಇಳಿತ ಒಗ್ಗದ ಪಂದ್ಯಪ್ರಿಯರಿಗಾಗಿ 0.81ರದ್ದೂ ಉಂಟು. ಹಿರಿಯರು ಕ್ಷಣವೂ ಯೋಚಿಸದೆ 0.68ನ್ನೇ ತರಿಸಿದ್ದರು. ಅವರಿಗೆ ಬೇಕಾಗಿದ್ದದ್ದು ದೂರ ಪ್ರಯಾಣ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಕಾರನ್ನು ನಾಲ್ಕು ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಕೆಲಸಕ್ಕೆ ಕೈಹಚ್ಚಿದರು. ಹಿರಿಯರು ಆರಂಭದಲ್ಲಿಯೇ ಒಂದು ನಿಯಮವನ್ನು ಸಾರಿದರು: ಕಾರಿನ ತಗಡನ್ನು ಎಲ್ಲಿಯೂ ಕತ್ತರಿಸಕೂಡದು, ಎಲ್ಲಿಯೂ ವೆಲ್ಡ್ ಮಾಡಕೂಡದು, ನಾಳೆ ಮೊಮ್ಮಗನಿಗೆ ಬೇಕೆನಿಸಿದರೆ ಹಳೆಯ ಪೆಟ್ಟಿಗೆ ಹಳೆಯ ಬೋಲ್ಟುಗಳಲ್ಲಿಯೇ ಮರಳಿ ಕೂರುವಂತಿರಬೇಕು. ಹಿಂದಿನ ಐದು ಗೇರಿನ ಪೆಟ್ಟಿಗೆಗಳು ಎತ್ತರವಾಗಿದ್ದು, ಈ ಜಾತಿಯ ಕಾರುಗಳಲ್ಲಿ ನಡುನೆಲದ ಉಬ್ಬನ್ನು ಕತ್ತರಿಸದೆ ಕೂರುತ್ತಿರಲಿಲ್ಲ. ಟಿಕೆಎಕ್ಸಿನ ತಲೆಯನ್ನು ತಗ್ಗಿಸಿ ರೂಪಿಸಿರುವುದರಿಂದ ಆ ಹಿಂಸೆ ತಪ್ಪಿತು.

ಪ್ರೊಪೆಲ್ಲರ್ ಶಾಫ್ಟು ಇಳಿಯಿತು; ಸ್ಪೀಡೋಮೀಟರಿನ ಕೇಬಲ್ಲು ಬಿಚ್ಚಿತು; ಅಡ್ಡದಂಡ ಕಳಚಿತು. ಮಧ್ಯಾಹ್ನದ ಹೊತ್ತಿಗೆ ಹಳೆಯ ಮನ್ಸಿ ಪೆಟ್ಟಿಗೆಯು ಜಾಕಿಯ ಮೇಲೆ ನೆಲಕ್ಕಿಳಿದು ಐವತ್ತು ವರ್ಷಗಳ ಎಣ್ಣೆಜಿಡ್ಡಿನೊಡನೆ ಬೆಳಕಿಗೆ ಬಂತು. ಹಿರಿಯರು ಬಟ್ಟೆಯಿಂದ ಅದರ ಪಕ್ಕೆಯನ್ನು ಒರೆಸಿ, ಅಲ್ಯೂಮಿನಿಯಮ್ಮಿನಲ್ಲಿ ಒತ್ತಿದ ಅಕ್ಷರಗಳನ್ನು ನನಗೆ ಬೆರಳಿಟ್ಟು ತೋರಿಸಿದರು: ‘ಪಿ 9 ಸಿ 12 ಎ’. ಪಿ ಎಂದರೆ ಮನ್ಸಿ ಕಾರ್ಖಾನೆ, 9 ಎಂದರೆ 1969, ಸಿ ಎಂದರೆ ಮಾರ್ಚ್, 12 ತಾರೀಖು; ಎ ಎಂದರೆ ಎಂ20 ಎಂಬ ಬಗೆಯ ಪೆಟ್ಟಿಗೆ. ಬದಿಯಲ್ಲಿ ಕಾರಿನ ಸಂಖ್ಯೆಯ ಅಂಕೆಗಳೂ ಇದ್ದವು. ಈ ಅಂಕೆಗಳು ಕಾರಿನವುಗಳೊಡನೆ ತಾಳೆಯಾದರೆ ಕಾರಿನ ಬೆಲೆಯೇ ಬೇರೆ. ಅಡ್ಡಾದಿಡ್ಡಿಯಾಗಿ ಕುಸಿದಿದ್ದ ಆ ಒಂಬತ್ತನ್ನು ಯಾವ ಕಾರ್ಮಿಕನ ಸುತ್ತಿಗೆ ಒತ್ತಿತೋ ಎಂದುಕೊಂಡು ನಾನು ಬಹಳ ಹೊತ್ತು ನೋಡುತ್ತಲೇ ಕುಳಿತಿದ್ದೆ.

ಬಂಡೆ ಅರೆಯುವ ಪೆಟ್ಟಿಗೆ
*ಮನ್ಸಿ ಪೆಟ್ಟಿಗೆಗಳಲ್ಲಿ ಎಂ22 ಎಂಬುದನ್ನು ‘ರಾಕ್ ಕ್ರಷರ್’ ಎಂದು ಕರೆಯುವರು. ಎಂ20 ಮತ್ತು ಎಂ21ರ ಹಲ್ಲುಗಳು 34 ಡಿಗ್ರಿ ಓರೆಯಾಗಿದ್ದರೆ ಇದರವು 21 ಡಿಗ್ರಿ ಮಾತ್ರ. ಓರೆ ಕಡಿಮೆಯಾದಷ್ಟೂ ಶಾಫ್ಟನ್ನು ಉದ್ದಕ್ಕೆ ನೂಕುವ ಒತ್ತಡ ಕಡಿಮೆ, ಆದ್ದರಿಂದ ಬಾಳಿಕೆ ಹೆಚ್ಚು. ಆದರೆ ಹಲ್ಲುಗಳು ಕೂಡುವ ಸದ್ದೂ ಹೆಚ್ಚು. ಹೆಸರು ಬಂದದ್ದು ಆ ಸದ್ದಿನಿಂದ.*

ಹೊಸ ಪೆಟ್ಟಿಗೆಯನ್ನು ಕೂರಿಸುವುದೆಂದರೆ ಹಳೆಯದು ಬಿಟ್ಟ ಜಾಗಕ್ಕೆ ನೂಕಿ ಬೋಲ್ಟು ಬಿಗಿಯುವುದೆಂದು ನಾನು ಭಾವಿಸಿದ್ದೆ. ಅದು ಎಂಥ ಅಜ್ಞಾನವೆಂಬುದು ಭಾನುವಾರ ತಿಳಿಯಿತು.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಬೆಲ್ ಹೌಸಿಂಗ್ ಎಂಬ ಗಂಟೆಯಾಕಾರದ ಕವಚವಿದೆ. ಅದರ ಹಿಂಬದಿಯ ವೃತ್ತಾಕಾರದ ರಂಧ್ರದಲ್ಲಿ ಗೇರ್ ಬಾಕ್ಸ್ ಕೂರುತ್ತದೆ. ಆ ರಂಧ್ರದ ಕೇಂದ್ರವೂ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಕೇಂದ್ರವೂ ಒಂದೇ ರೇಖೆಯಲ್ಲಿರಬೇಕು. ಹೆಚ್ಚೆಂದರೆ ಅಂಗುಲದ ಸಾವಿರದಲ್ಲಿ ಐದು ಭಾಗ, ಅಂದರೆ ನಾವು ಬರೆಯುವ ಕಾಗದದ ದಪ್ಪಕ್ಕಿಂತ ತುಸು ಮಿಗಿಲಾದಷ್ಟು, ಆಚೀಚೆಯಾದರೆ ಸಹ್ಯ. ಅದಕ್ಕಿಂತ ಹೆಚ್ಚಾದರೆ ಒಳಬರುವ ಶಾಫ್ಟು ಪ್ರತಿ ಸುತ್ತಿಗೂ ಒಂದು ಕಡೆಗೆ ಒತ್ತಲ್ಪಟ್ಟು, ಗೇರು ಬದಲಾಯಿಸುವುದು ಬಿಗಿಯಾಗಿ, ಕ್ರಮೇಣ ಬೇರಿಂಗುಗಳು ಹಾಳಾಗುತ್ತವೆ. ಹಳೆಯ ಪೆಟ್ಟಿಗೆ ಇಂಥ ಅಪಚಾರವನ್ನು ಮನ್ನಿಸುತ್ತಿತ್ತು. ನಿಖರವಾಗಿ ತಯಾರಾದ ಹೊಸದು ಮನ್ನಿಸುವುದಿಲ್ಲ.

ಹಿರಿಯರು ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿಸಿ, ಕ್ರ್ಯಾಂಕಿನ ತುದಿಗೆ ಡಯಲ್ ಗೇಜನ್ನು ಅಯಸ್ಕಾಂತದಿಂದ ನಿಲ್ಲಿಸಿ, ಅದರ ಮೊನೆಯನ್ನು ರಂಧ್ರದ ಒಳಗೋಡೆಗೆ ಆನಿಸಿದರು. ಅಳಿಯ ಮುಂದಿನಿಂದ ಉದ್ದನೆಯ ಹಿಡಿಕೆಯಿಂದ ಎಂಜಿನ್ನನ್ನು ಕೈಯಲ್ಲಿಯೇ ಮೆಲ್ಲಮೆಲ್ಲನೆ ತಿರುಗಿಸಿದ. ಮುಳ್ಳು ಒಂದು ಪೂರ್ತಿ ಸುತ್ತಿನಲ್ಲಿ ಹದಿನೆಂಟು ಗೆರೆಗಳಷ್ಟು ತೂಗಾಡಿತು. ಅದರ ಅರ್ಧ, ಸಾವಿರದಲ್ಲಿ ಒಂಬತ್ತು ಭಾಗ, ಕೇಂದ್ರದ ತಪ್ಪು. ಎಂಜಿನ್ನಿನ ಬೆನ್ನಿಗೆ ಕವಚವನ್ನು ಹಿಡಿದಿಡುವ ಎರಡು ಡವೆಲ್ ಪಿನ್ನುಗಳನ್ನು ಕಿತ್ತು, ಸಾವಿರದಲ್ಲಿ ಏಳು ಭಾಗ ಕೇಂದ್ರ ಸರಿಸಿ ಕಡೆದ ಬೇರೆ ಪಿನ್ನುಗಳನ್ನು ಹೊಡೆದು, ಅವುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಮತ್ತೆ ಅಳೆಯುತ್ತ, ಮತ್ತೆ ತಿರುಗಿಸುತ್ತ ಹೋದರು. ಸಂಜೆ ಆರೂವರೆಯ ಹೊತ್ತಿಗೆ ಮುಳ್ಳಿನ ತೂಗಾಟ ನಾಲ್ಕು ಗೆರೆಗೆ ಇಳಿಯಿತು. ಆ ಮೂರು ತಾಸಿನಲ್ಲಿ ಅವರು ಆಡಿದ ಮಾತು ಹತ್ತನ್ನು ಮೀರಿರಲಿಕ್ಕಿಲ್ಲ. ಹೊರಗಿನಿಂದ ಯಾರಿಗೂ ಕಾಣಿಸದ, ಮುಂದೆಂದೂ ಯಾರೂ ನೋಡದ ಒಂದು ಅಳತೆಗಾಗಿ ಒಬ್ಬ ಮನುಷ್ಯನು ವೃದ್ಧಾಪ್ಯದಲ್ಲಿ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿದ್ದ ಆ ದೃಶ್ಯವನ್ನು ನಾನು ಪೂಜ್ಯಭಾವದಿಂದ ನೋಡಿದೆನೆಂದರೆ ಅದು ಅತಿಶಯೋಕ್ತಿಯಲ್ಲ.

ಉಳಿದದ್ದು ಬೇಗ ಸಾಗಿತು. ಹಳೆಯ ಪೆಟ್ಟಿಗೆಯ ಒಳಬರುವ ಶಾಫ್ಟಿಗೆ ಹತ್ತು ತೋಡುಗಳಿದ್ದರೆ ಹೊಸದಕ್ಕೆ ಇಪ್ಪತ್ತಾರು. ಆದುದರಿಂದ ಕ್ಲಚ್ ಪ್ಲೇಟು ಹೊಸದಾಯಿತು. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ನೊಗವೂ ಹೊಂದದ ಕಾರಣ, ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಉದ್ದವನ್ನು ಅಳೆದು, ಹೊಸ ಶಾಫ್ಟನ್ನು ಮಾಡಿಸಿ ತಂದರು. ಗೇರ್ ಬಾಕ್ಸ್ ಹಿಂದಕ್ಕೆ ಎಷ್ಟು ಡಿಗ್ರಿ ಬಾಗಿದೆಯೋ ಆಕ್ಸಲಿನ ಪಿನಿಯನ್ ಅಷ್ಟೇ ಡಿಗ್ರಿ ಮೇಲಕ್ಕೆ ನೋಡುತ್ತಿರಬೇಕು, ಇಲ್ಲವಾದರೆ ವೇಗದಲ್ಲಿ ಕಾರು ನಡುಗುತ್ತದೆ. ಅದನ್ನೂ ಕೋನಮಾಪಕವಿಟ್ಟು ಸರಿಮಾಡಿದರು. ಹಳೆಯ ಸ್ಪೀಡೋಮೀಟರ್ ಕೇಬಲ್ಲು ಹೊಸ ಪೆಟ್ಟಿಗೆಗೆ ಸಲೀಸಾಗಿ ಕೂಡಿಕೊಂಡಿತು. ಮನ್ಸಿಯು ಕುಡಿಯುತ್ತಿದ್ದುದು ದಪ್ಪನೆಯ ಗೇರ್ ಎಣ್ಣೆ. ಇದಕ್ಕೆ ಆಟೋಮ್ಯಾಟಿಕ್ ಪೆಟ್ಟಿಗೆಗಳಿಗೆ ಹಾಕುವ ತೆಳುವಾದ ಕೆಂಪೆಣ್ಣೆ.

ಮೂಲದ ಪೆಟ್ಟಿಗೆಯನ್ನು ತೆಗೆದ ಕಾರು ಇನ್ನು ಮೂಲದ ಕಾರೇ ಅಲ್ಲವೆಂದು ವಾದಿಸುವ ಶುದ್ಧಾಚಾರಿಗಳುಂಟು. ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ; ಯಾರಾದರೂ ಕೆಲವು ಕಾರುಗಳನ್ನು ಹುಟ್ಟಿದಂತೆಯೇ ಕಾಪಾಡದಿದ್ದರೆ ಉಳಿದವರು ಯಾವುದನ್ನು ನೋಡಿ ಕಲಿಯಬೇಕು? ಆದರೆ ನನ್ನ ಮನಸ್ಸು ಹಿರಿಯರ ಪಕ್ಷಕ್ಕೆ ವಾಲುತ್ತದೆ. ಓಡಿಸಲು ಮನಸ್ಸೊಪ್ಪದೆ ವರ್ಷಕ್ಕೊಮ್ಮೆ ಆರೇಳು ಮೈಲಿ ತೆವಳುವ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಪೆಟ್ರೋಲು ಹಳಸುತ್ತದೆ, ತುಕ್ಕು ಒಳಗೊಳಗೇ ಮೇಯುತ್ತದೆ. ಆ ಹಳೆಯ ಪೆಟ್ಟಿಗೆಯನ್ನು ಅವರು ಸ್ಕ್ರ್ಯಾಪಿಗೆ ಹಾಕಲಿಲ್ಲ, ಮಾರಲಿಲ್ಲ; ತೊಳೆದು, ಎಣ್ಣೆ ಸವರಿ, ಕಂಬಳಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಅದರ ಬೋಲ್ಟುಗಳನ್ನೆಲ್ಲ ಒಂದು ಕಾಫಿ ಡಬ್ಬಿಯಲ್ಲಿ ಹಾಕಿ ಜೊತೆಗಿರಿಸಿದರು.

ಹೊಸ ಕ್ಲಚ್ಚು ಪಳಗಲು 500 ಮೈಲಿ ಬೇಕು. ಸೆಪ್ಟೆಂಬರಿನ ಉಳಿದ ದಿನಗಳನ್ನೆಲ್ಲ ಹಿರಿಯರು ಅಂಗಡಿಗೆ, ಅಂಚೆಗೆ, ಕಾರಣವಿಲ್ಲದೆ ಊರ ಸುತ್ತ ಓಡಾಡಿ ಆ ಲೆಕ್ಕವನ್ನು ತೀರಿಸಿದರು. ಅಕ್ಟೋಬರಿನಲ್ಲಿ, ಮೇಪಲ್ ಮರಗಳು ಕುಂಕುಮವರ್ಣಕ್ಕೆ ತಿರುಗಿದ ಒಂದು ಬೆಳಿಗ್ಗೆ, ನಾವು ಮೂವರೂ ಐ-75ರಲ್ಲಿ ಉತ್ತರಕ್ಕೆ, ಮ್ಯಾಕಿನಾ ಸೇತುವೆಯ ಕಡೆಗೆ ಹೊರಟೆವು. ಈ ಬಾರಿ ನನಗೆ ಮುಂದಿನ ಸೀಟು.

ಊರು ದಾಟಿದ ಮೇಲೆ ವೇಗ ಎಪ್ಪತ್ತಕ್ಕೆ ಏರಿತು. ನಾಲ್ಕನೆಯ ಗೇರಿನಲ್ಲಿ ಆ ಪರಿಚಿತವಾದ ಆರ್ಭಟ ಮೇಲೆದ್ದಿತು. ಹಿರಿಯರು ಕ್ಲಚ್ಚನ್ನು ಒತ್ತಿ, ಗೇರಿನ ಹಿಡಿಯನ್ನು ಬಲಕ್ಕೆ ಸರಿಸಿ ಮುಂದಕ್ಕೆ ತಳ್ಳಿದರು. ಸುತ್ತುಮಾಪಕದ ಮುಳ್ಳು ದಣಿದವನು ಕುರ್ಚಿಗೊರಗಿದಂತೆ ಮೆಲ್ಲನೆ ಇಳಿದು ಎರಡು ಸಾವಿರದ ಇನ್ನೂರೈವತ್ತರ ಬಳಿ ನಿಂತಿತು. ವೇಗ ಒಂದಿಷ್ಟೂ ತಗ್ಗಲಿಲ್ಲ. ಗಾಜಿನ ಅಂಚಿನಲ್ಲಿ ಗಾಳಿಯ ಸಿಳ್ಳು, ಕೆಳಗೆ ಟೈರುಗಳ ಗುಯ್‌ಗುಟ್ಟುವಿಕೆ, ಹಿಂದಿನ ಸೀಟಿನಲ್ಲಿ ಅಳಿಯ ಬಾಳೆಹಣ್ಣಿನ ಚಿಪ್ಸಿನ ಪೊಟ್ಟಣ ಬಿಡಿಸಿದ ಸದ್ದು, ಎಲ್ಲವೂ ಬೇರೆ ಬೇರೆಯಾಗಿ ಕೇಳಿಸತೊಡಗಿದವು.

ಗ್ರೇಲಿಂಗ್ ಊರನ್ನು ದಾಟುವಾಗ ನಾನು, ಆಗಸ್ಟಿನಲ್ಲಿ ಇದೇ ಹೆದ್ದಾರಿಯಲ್ಲಿ ಅವರು ಏನು ಹೇಳಹೊರಟಿದ್ದರೆಂದು ಕೇಳಿದೆ. ಅವರು ದನಿಯೇರಿಸದೆ ಹೇಳಿದರು. 1970ರ ಬೇಸಗೆಯಲ್ಲಿ ತಂದೆ ಅವರನ್ನು ಇದೇ ಕಾರಿನಲ್ಲಿ ಇದೇ ಸೇತುವೆಯನ್ನು ನೋಡಲು ಕರೆದೊಯ್ದಿದ್ದರಂತೆ. ಅವರಿಗಾಗ ಹದಿನೆಂಟು ವರ್ಷ. ದಾರಿಯುದ್ದಕ್ಕೂ ಇಬ್ಬರ ನಡುವೆ ಒಂದು ಮಾತೂ ಸಾಧ್ಯವಾಗಲಿಲ್ಲ. ನೆನಪಿನಲ್ಲಿ ಉಳಿದದ್ದು ತಂದೆಯ ಬಲಗೈ ಮಾತ್ರ: ಕಾರು ಆಗಲೇ ನಾಲ್ಕನೆಯ ಗೇರಿನಲ್ಲಿದ್ದರೂ ಆ ಕೈ ಆಗಾಗ ತಾನಾಗಿಯೇ ಗೇರಿನ ಹಿಡಿಯ ಕಡೆಗೆ ಹೋಗಿ, ಬಲಕ್ಕೆ ಒಮ್ಮೆ ಅಲುಗಿಸಿ ನೋಡಿ, ಅಲ್ಲಿ ಏನೂ ಇಲ್ಲವೆಂದು ತಿಳಿದು, ಮರಳಿ ಸ್ಟೀರಿಂಗಿಗೆ ಬರುತ್ತಿತ್ತಂತೆ.